ಹನ್ನೆರಡರ ಮೇಲೊಂದು ಕೊಸರು

ಕಳೆದ ಆಷಾಢದಲ್ಲಿ ತಂಗಿಯ ತೋಟಕ್ಕೆ ತೆಂಗಿನ ಸಸಿ ಬೇಕೆಂದು ಹೊನ್ನವಳ್ಳಿ ಕಡೆಯ ಸರ್ಕಾರಿ ಫಾರಮ್ಮಿಗೆ ಹೋಗಿದ್ದೆ. ಗೇಟು ದಾಟುತ್ತಿದ್ದ ಹಾಗೆ ಆ ವಾಸನೆ ಬಂತು. ನೆನೆದ ನಾರು, ಹಸಿ ಮರಳು, ಎಲ್ಲೋ ಶೆಡ್ಡಿನ ಹಿಂದೆ ಯಾರೋ ಕರಟ ಉರಿಸುತ್ತಿದ್ದ ಹೊಗೆ. ಕಾಲು ಅಲ್ಲೇ ನಿಂತಿತು. ತಂಗಿ, ‘ಏನಾಯ್ತೇ, ಮಂಡಿ ನೋವಾ?’ ಎಂದಳು. ವಯಸ್ಸಾದವರು ನಿಂತರೆ ಮಂಡಿ ನೋವೇ ಇರಬೇಕೆಂದು ಎಲ್ಲರೂ ತೀರ್ಮಾನಿಸಿಬಿಡುತ್ತಾರೆ.

ಸಸಿ ಕೊಡಲು ಬಂದವಳು ಚೂಡಿದಾರದ ಮೇಲೆ ಗಂಡಸರ ಅಂಗಿ ತೊಟ್ಟಿದ್ದ ಒಬ್ಬ ಹುಡುಗಿ. ಹತ್ತು ಸಸಿ ಕೇಳಿದೆ. ಅವಳು ಬಗ್ಗಿ ಒಂದೊಂದಾಗಿ ಎತ್ತಿ ಪಕ್ಕಕ್ಕಿಡುತ್ತ, ‘ಲಾಭ, ಎಲ್ಡು, ಮೂರು...’ ಎಂದು ಎಣಿಸತೊಡಗಿದಳು. ನಾನು ನಕ್ಕುಬಿಟ್ಟೆ. ಅವಳು ತಪ್ಪು ಎಣಿಸಿದೆನೇನೋ ಎಂದು ಗಾಬರಿಯಾಗಿ ಮತ್ತೆ ಲಾಭದಿಂದ ಶುರು ಮಾಡಿದಳು.

ತೆಂಗಿನ ಸೀಮೆಯವರಿಗೆ ಇದನ್ನು ಹೇಳಬೇಕಾಗಿಲ್ಲ. ಕಾಯಿ ಎಣಿಸುವಾಗ ‘ಒಂದು’ ಎನ್ನುವುದಿಲ್ಲ, ‘ಲಾಭ’ ಎನ್ನುತ್ತಾರೆ. ಎಣಿಸಿ ಮುಗಿದ ಮೇಲೆ ಕೊಳ್ಳುವವನಿಗೆ ಮೇಲೆ ಒಂದೆರಡು ಕಾಯಿ ಹಾಕುತ್ತಾರೆ. ಅದು ಕೊಸರು. ಕೊಸರಿಗೆ ದುಡ್ಡಿಲ್ಲ, ಲೆಕ್ಕದಲ್ಲಿ ಜಾಗವಿಲ್ಲ, ಆದರೆ ಅದನ್ನು ಹಾಕದೆ ವ್ಯಾಪಾರ ಮುಗಿಯಿತು ಎಂದು ಯಾರೂ ಎದ್ದು ಹೋಗುವುದಿಲ್ಲ. ಮಂಡ್ಯದ ಕಬ್ಬಿನ ಗದ್ದೆಗಳ ನಡುವಿನಿಂದ ಬಂದ ನನಗೆ ಈ ಎರಡು ಮಾತನ್ನೂ ಕಲಿಸಿದ್ದು ಇದೇ ಫಾರಮ್ಮು, ಎಂಬತ್ತರ ದಶಕದ ನಡುವಿನ ಒಂದು ಮಳೆಗಾಲದಲ್ಲಿ. ಸರ್ಕಾರ ತನ್ನ ನೌಕರರು ಹೆಚ್ಚಾದರೆಂದು ಎಣಿಸಲು ಹೊರಟ ವರ್ಷ ಅದು.

ಟೈಪಿಸ್ಟಾಗಿ ನನಗೆ ಸಿಕ್ಕ ಮೊದಲ ಕೆಲಸ. ಆಫೀಸು ಎಂದರೆ ಹೆಂಚಿನ ಒಂದು ಕೋಣೆ, ಅದರಲ್ಲಿ ‘ಅ’ ಅಕ್ಷರ ಸಿಕ್ಕಿಕೊಳ್ಳುತ್ತಿದ್ದ ಒಂದು ಕನ್ನಡ ಟೈಪ್‌ರೈಟರು. ಕಿಟಕಿಯಾಚೆ ಸಾಲು ಸಾಲು ಮಡಿ, ಮಡಿಯ ತುಂಬ ಅರ್ಧ ಹೂತ ಬಿತ್ತನೆ ಕಾಯಿ. ನಮ್ಮ ಆಫೀಸರಿಗೆ ಇನ್ನೂ ಎರಡು ಫಾರಮ್ಮಿನ ಜವಾಬ್ದಾರಿ ಇದ್ದುದರಿಂದ ಅವರು ಮೋಟಾರ್ ಸೈಕಲ್ಲಿನಲ್ಲಿ ಬಂದು, ಸಹಿ ಹಾಕಿ, ಇಂಜಿನ್ ಆರುವ ಮೊದಲೇ ಹೊರಡುತ್ತಿದ್ದರು. ನಿಜವಾಗಿ ಫಾರಮ್ಮು ನಡೆಸುತ್ತಿದ್ದವರು ಮೇಸ್ತ್ರಿ ರುದ್ರಪ್ಪನವರು. ಹಣೆಯ ತುಂಬ ವಿಭೂತಿ, ಹೆಗಲ ಮೇಲೆ ಟವಲು, ಯಾವುದಕ್ಕೂ ಅವಸರವಿಲ್ಲದ ಮನುಷ್ಯ. ಕಾಯಿ ವ್ಯಾಪಾರದ ಮನೆತನದವರು. ಜಗತ್ತಿನ ಎಲ್ಲ ವ್ಯವಹಾರವೂ ಕಾಯಿ ವ್ಯಾಪಾರದ ಹಾಗೆಯೇ ನಡೆಯುತ್ತದೆ ಎಂದು ನಂಬಿದ್ದರು.

ಫಾರಮ್ಮು ಶುರುವಾದ ಎಪ್ಪತ್ತರ ದಶಕದ ಕಥೆಯನ್ನು ಅವರು ರಸವತ್ತಾಗಿ ಹೇಳುತ್ತಿದ್ದರು. ಆಗ ಸರ್ಕಾರಕ್ಕೆ ಆಳುಗಳೇ ಸಿಗುತ್ತಿರಲಿಲ್ಲವಂತೆ. ‘ಬರ್ರಪ್ಪಾ, ಸರ್ಕಾರಿ ಕೆಲ್ಸ ಕಣ್ರಪ್ಪಾ ಅಂತ ಮನೆಮನೇಗೂ ಹೋದೆ ಕಣಮ್ಮ. ನಮ್ ತೋಟಕ್ಕೇನ್ ಬಂದೈತೆ, ಸರ್ಕಾರುದ್ ಮರಕ್ ನೀರ್ ಹುಯ್ಯಾಕೆ ಅಂದ್ರು. ಕೊನೀಗೆ ನಮ್ ಷಡ್ಕನ್ನ ಕಾಲ್ ಹಿಡ್ಕಂಡು ಸೇರುಸ್ದೆ.’ ಆಮೇಲೆ ತಿಂಗಳ ಮೊದಲಿಗೆ ಸಂಬಳ ಬರುವುದನ್ನು ಊರು ನೋಡಿತು. ಮಳೆ ಬಂದರೂ ಬರುತ್ತದೆ, ಬಾರದಿದ್ದರೂ ಬರುತ್ತದೆ! ಬಂದ ಆಫೀಸರುಗಳೆಲ್ಲ ಕೈ ತುಂಬ ಜನರನ್ನು ಸೇರಿಸಿದರು. ಬೇಲಿ ಕಾಯಲು ಒಬ್ಬ, ಬೇಲಿ ಕಾಯುವವನನ್ನು ಕೂಗಲು ಒಬ್ಬ. ನಾನು ಬರುವ ಹೊತ್ತಿಗೆ ಇಲಾಖೆಯ ಹೊಟ್ಟೆ ಬಿರಿಯುವಷ್ಟು ತುಂಬಿತ್ತು. ನಮ್ಮ ಫಾರಮ್ಮಿನಲ್ಲೇ ಹದಿಮೂರು ಮಜೂರರು.

ಹದಿಮೂರನೆಯವಳು ಕಾಳಮ್ಮ. ಬೋರನಕಣಿವೆಯ ಆಚೆ ಹುಳಿಯಾರಿನ ಬೆದ್ದಲು ಸೀಮೆಯವಳು. ಗಿಡ್ಡಗೆ, ಗಟ್ಟಿಮುಟ್ಟಾಗಿ, ಮೂರು ಮಡಿಯಾಚೆಗೂ ಕೇಳುವ ದನಿಯವಳು. ಗಂಡ ಲಾರಿಯ ಜೊತೆ ಅರಸೀಕೆರೆಗೆ ಹೋದವನು ಅಲ್ಲೇ ಇನ್ನೊಂದು ಮನೆ ಮಾಡಿಕೊಂಡಿದ್ದ. ಆ ಸುದ್ದಿಯನ್ನು ನನಗೆ ಹೇಳಿದ್ದು ಅವಳೇ, ಸಸಿಗೆ ಮಣ್ಣು ಏರಿಸುತ್ತ. ‘ಹೋದ್ರೆ ಹೋಗ್ಲಿ ಬುಡು ಟೈಪಮ್ಮ. ಒಂದ್ ಮುದ್ದೆ ಕಮ್ಮಿ ತೊಳುಸ್ತೀನಿ.’ ನನ್ನ ಹೆಸರು ಸರೋಜ ಎಂದು ಎಷ್ಟು ಹೇಳಿದರೂ ಅವಳ ಬಾಯಲ್ಲಿ ನಾನು ಟೈಪಮ್ಮನೇ ಆದೆ, ಕಡೆಗೆ ಊರಿಗೆಲ್ಲ ಅದೇ ಹೆಸರಾಯಿತು.

ಅವಳಿಗೆ ಗೊತ್ತುಮಾಡಿದ ಕೆಲಸ ಎಂಬುದು ಇರಲಿಲ್ಲ. ಹನ್ನೆರಡು ಜನಕ್ಕೂ ಒಂದೊಂದು ಕೆಲಸ ಹಂಚಿಯಾದ ಮೇಲೆ ಬಂದವಳಾದ್ದರಿಂದ ರುದ್ರಪ್ಪನವರು, ‘ನೀನು ಮಿಕ್ಕಿದ್ದ ನೋಡ್ಕಳವ್ವ’ ಎಂದುಬಿಟ್ಟಿದ್ದರು. ಮಿಕ್ಕಿದ್ದು ಎಷ್ಟಿತ್ತು ಎಂದು ಅವರೂ ಯೋಚಿಸಿರಲಿಲ್ಲ. ಪಂಪಿನ ಬಾಯಿಗೆ ಸಿಕ್ಕ ಎಲೆ ತೆಗೆಯುವವಳು ಅವಳು, ಮರ ಹತ್ತುವ ಸಿದ್ದಣ್ಣನ ಕಾಲಿಗೆ ಎಣ್ಣೆ ಕಾಯಿಸುವವಳು ಅವಳು, ಇಬ್ಬರು ಮಾತು ಬಿಟ್ಟರೆ ನಡುವೆ ಕೂತು ಮಾತು ಹತ್ತಿಸುವವಳೂ ಅವಳೇ. ನನ್ನ ಟೈಪ್‌ರೈಟರಿನ ‘ಅ’ ಸಿಕ್ಕಿಕೊಂಡಾಗ ಒಂದು ಹನಿ ಕೊಬ್ಬರಿ ಎಣ್ಣೆ ಬಿಟ್ಟು ಸರಿಮಾಡಿದ್ದೂ ಅವಳೇ. ಆಮೇಲೆ ಒಂದು ತಿಂಗಳು ಇಲಾಖೆಯ ಕಾಗದಗಳೆಲ್ಲ ಎಣ್ಣೆಯ ವಾಸನೆ ಹೊಡೆದವು.

ಆರಿದ್ರೆ ಮಳೆ ಸೋನೆ ಹಿಡಿದಿದ್ದಾಗ ಆಜ್ಞೆ ಬಂತು. ಮಿತವ್ಯಯ. ಫಾರಮ್ಮು ಒಂದಕ್ಕೆ ಹನ್ನೆರಡೇ ಮಜೂರರು, ಅವರನ್ನು ಖಾಯಂ ಮಾಡಲಾಗುವುದು. ಅದಕ್ಕೆ ಮೇಲ್ಪಟ್ಟವರು ‘ಹೆಚ್ಚುವರಿ’, ಅವರನ್ನು ಕೆಲಸದಿಂದ ಬಿಡಿಸಲಾಗುವುದು. ಪರಿಶೀಲನೆಗೆ ಬೆಂಗಳೂರಿನಿಂದ ಒಬ್ಬ ಅಧಿಕಾರಿ ಬರುತ್ತಾರೆ. ನಾನು ಗಟ್ಟಿಯಾಗಿ ಓದಿದೆ. ಯಾರೂ ಕಾಳಮ್ಮನನ್ನು ನೋಡಲಿಲ್ಲ. ನೋಡಬಾರದೆಂದು ಎಲ್ಲರೂ ಮಳೆಯನ್ನು ನೋಡಿದರು.

ಅವತ್ತಿನಿಂದ ಕಾಳಮ್ಮ ಮೆತ್ತಗೆ ಮಾತಾಡತೊಡಗಿದಳು. ಅದು ನಮಗೆ ಅಳುವಿಗಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು. ಒಂದು ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಕೇಳಿದೆ, ‘ಕೆಲಸ ಹೋದರೆ ಎಲ್ಲಿಗೆ ಹೋಗ್ತೀ?’

‘ಬಾವನ ಮನೆ ಐತಲ್ಲ. ಇಕ್ಕಲ್ಲ ಅನ್ನಲ್ಲ ಕಣ್ ಟೈಪಮ್ಮ, ಹೊಟ್ಟೆ ತುಂಬ ಇಕ್ತಾರೆ. ಆದ್ರೆ ಎಲ್ರುದೂ ಆದ್ಮೇಲೆ ಇಕ್ತಾರೆ. ತಳದ್ ಸಾರು.’ ಶೆಡ್ಡಿನ ಪಕ್ಕದ, ಕೆಲಸದ ಜೊತೆ ಸಿಕ್ಕಿದ್ದ ತನ್ನ ಒಂದಂಕಣದ ಮನೆಯ ಕಡೆ ಕೈ ತೋರಿಸಿದಳು. ‘ಅಲ್ಲಿ ನನ್ನೊಲೆ. ಮೊದ್ಲುನೇ ಮುದ್ದೆ ನಂದೇಯ.’

ನಾನು ಅತ್ತದ್ದು ನೋಡಿ ಅವಳೇ ತನ್ನ ಬುತ್ತಿಯ ಹುಚ್ಚೆಳ್ಳು ಚಟ್ನಿ ಬಡಿಸಿ ಸಮಾಧಾನ ಮಾಡಬೇಕಾಯಿತು.

ರುದ್ರಪ್ಪನವರು ಮಾತ್ರ ಒಂದಿಷ್ಟೂ ಅಲುಗಿರಲಿಲ್ಲ. ಬೀಡಿ ಹಚ್ಚುತ್ತ ಹೇಳಿದರು, ‘ಯಾಕಮ್ಮ ಹೆದ್ರುಕತೀರಿ? ಸರ್ಕಾರುದೋರೇನು ವ್ಯಾಪಾರ ಗೊತ್ತಿಲ್ದೋರಾ? ಹನ್ನೆಲ್ಡು ಬೇಕು ಅಂದವ್ರೆ. ಹನ್ನೆಲ್ಡು ಎಣಿಸ್ಕಂಡ ಮ್ಯಾಲೆ ಒಂದ್ ಕೊಸ್ರು ಇಸ್ಕಳ್ದೆ ಹೋಯ್ತಾರಾ?’ ತಮಾಷೆ ಮಾಡುತ್ತಿದ್ದಾರೆಂದುಕೊಂಡೆ. ಮುಖ ನೋಡಿದರೆ ತಮಾಷೆಯಲ್ಲ.

ಬಂದ ಅಧಿಕಾರಿಯ ಹೆಸರು ಮಿಶ್ರಾ. ಗಂಗೆಯ ಬಯಲಿನವರು. ಸಣ್ಣ ವಯಸ್ಸು, ಗುಂಡು ಕನ್ನಡಕ, ಪ್ಯಾಂಟಿನ ತುದಿಗೆಲ್ಲ ಕೆಸರು. ಪುಸ್ತಕ ಓದಿ ಕನ್ನಡ ಕಲಿತು ಪರೀಕ್ಷೆಯನ್ನೂ ಪಾಸು ಮಾಡಿದ್ದರು. ಜೀಪಿನಿಂದ ಇಳಿದವರೇ ಕೈಮುಗಿದು, ‘ತಾವೆಲ್ಲರೂ ಕ್ಷೇಮವಾಗಿರುವಿರಷ್ಟೆ?’ ಎಂದರು. ನಮ್ಮವರು ಪೂಜೆಗೆ ನಿಂತವರ ಹಾಗೆ ಕೈ ಕಟ್ಟಿಕೊಂಡರು. ಅಷ್ಟು ಶುದ್ಧ ಕನ್ನಡ ಆ ಫಾರಮ್ಮಿನಲ್ಲಿ ಅದೇ ಮೊದಲು ಕೇಳಿಸಿದ್ದು.

ಮಳೆ ಜೋರಾದ್ದರಿಂದ ಎಲ್ಲರನ್ನೂ ಶೆಡ್ಡಿನಲ್ಲಿ ಸಾಲಾಗಿ ನಿಲ್ಲಿಸಿದೆವು. ಹೆಂಚಿನ ಮೇಲಿನ ಸದ್ದಿಗೆ ಕೂಗಿ ಮಾತಾಡಬೇಕಿತ್ತು. ‘ಗಣನೆಯನ್ನು ಪ್ರಾರಂಭಿಸಿರಿ,’ ಎಂದರು ಮಿಶ್ರಾ. ರುದ್ರಪ್ಪನವರು ನನ್ನ ಕಡೆ ನೋಡಿದರು. ‘ಎಣಿಸಿ ಅಂತಾರೆ’ ಎಂದೆ. ಅವರು ಟವಲು ಸರಿಮಾಡಿಕೊಂಡು ಮೊದಲು ನಿಂತಿದ್ದ ತಮ್ಮ ಷಡ್ಕನ ಭುಜ ಮುಟ್ಟಿ ರಾಗವಾಗಿ ಎಳೆದರು, ‘ಲಾಭಾ...’

‘ನಿಮ್ಮ ನಾಮಧೇಯ ಲಾಭವೆ?’ ಎಂದು ಮಿಶ್ರಾ ಷಡ್ಕನನ್ನು ಕೇಳಿದರು.

‘ಅಲ್ಲ ಸ್ವಾಮಿ, ಗಂಗಣ್ಣ.’

‘ಎಲ್ಡೂ... ಮೂರೂ...’ ರುದ್ರಪ್ಪನವರು ನಿಲ್ಲಲಿಲ್ಲ. ಕಾಯಿ ಎಣಿಸುವಾಗ ನಡುವೆ ಮಾತಾಡಿದರೆ ಲೆಕ್ಕ ತಪ್ಪುತ್ತದೆ. ಹನ್ನೆರಡರವರೆಗೆ ಹೋದರು. ಕೊನೆಗೆ ನಿಂತಿದ್ದ ಕಾಳಮ್ಮನನ್ನು ಮೊಣಕೈಯಿಂದ ಮೆಲ್ಲಗೆ ಸಾಲಿನ ಆಚೆಗೆ ಸರಿಸಿ, ವ್ಯಾಪಾರ ಮುಗಿಸಿದ ತೃಪ್ತಿಯಲ್ಲಿ ಹೇಳಿದರು, ‘ಇದು ಕೊಸ್ರು.’

ಮಿಶ್ರಾ ತಲೆಯಾಡಿಸಿದರು. ಆಮೇಲೆ ನನಗೆ ಹೇಳಿ ಬರೆಸಿದರು, ‘ಮಜೂರರು, ಹನ್ನೆರಡು. ಕೊಸರು, ಒಂದು.’

ನಾನು ಕೈ ನಿಲ್ಲಿಸಿದೆ. ‘ಸಾರ್, ಕೊಸರು ಅಂದರೆ...’

‘ತಿಳಿದಿದೆ, ತಿಳಿದಿದೆ. ಬರೆಯಿರಿ,’ ಎಂದರು, ಕನ್ನಡ ಪರೀಕ್ಷೆ ಪಾಸಾದವರ ಬಿಗುವಿನಲ್ಲಿ. ತಿಳಿದಿದೆ ಎನ್ನುವ ಅಧಿಕಾರಿಗೆ ಹೊಸ ಟೈಪಿಸ್ಟು ಏನು ತಿಳಿಸುತ್ತಾಳೆ? ಬರೆದೆ. ಅವರ ಮನಸ್ಸಿನಲ್ಲಿ ಅದು ಮಾಲಿ, ಜವಾನ, ಕಾವಲುಗಾರ ಇದ್ದ ಹಾಗೆ ಯಾವುದೋ ಒಂದು ಹುದ್ದೆ.

ಜೀಪು ಹೋದ ಮೇಲೆ ರುದ್ರಪ್ಪನವರು ಎದೆಯುಬ್ಬಿಸಿದರು. ‘ನೋಡ್ದಾ? ಒಂದೇ ಒಂದ್ ಮಾತು ಬಂತಾ? ವ್ಯವಹಾರಸ್ಥ ಕಣಮ್ಮ.’

ಮಘೆ, ಹುಬ್ಬೆ ಮಳೆಗಳು ಬಂದವೋ ಇಲ್ಲವೋ ಎಂಬಂತೆ ಹೋದವು. ಬೇರೆ ಫಾರಮ್ಮುಗಳಿಂದ ಸುದ್ದಿ ಬರುತ್ತಿತ್ತು: ತುರುವೇಕೆರೆ ಕಡೆ ಇಬ್ಬರನ್ನು ಬಿಡಿಸಿದರು, ಇನ್ನೊಂದು ಕಡೆ ಮೂವರನ್ನು. ನಮಗೆ ಏನೂ ಬರಲಿಲ್ಲ. ಮಡಿಗಳಲ್ಲಿ ಕಾಯಿಯ ನೆತ್ತಿಯೊಡೆದು ಗಿಣಿಯ ಮೂಗಿನಂಥ ಮೊಳಕೆಗಳು ಕಾಣಿಸಿಕೊಂಡವು. ಕಾಳಮ್ಮನ ದನಿ ನಿಧಾನವಾಗಿ ಒಂದು ಮಡಿಯಾಚೆ, ಎರಡು ಮಡಿಯಾಚೆ ಕೇಳುವಷ್ಟು ಚೇತರಿಸಿಕೊಂಡಿತು. ಅಷ್ಟರಲ್ಲಿ ಬೆಂಗಳೂರಿನಿಂದ ಪ್ರಶ್ನೆ ಬಂತು. ‘ಕೊಸರು’ ಹುದ್ದೆಯ ಕರ್ತವ್ಯಗಳೇನು, ವಿದ್ಯಾರ್ಹತೆಯೇನು? ಇತರ ಫಾರಮ್ಮುಗಳಲ್ಲಿ ಈ ಹುದ್ದೆ ಏಕಿಲ್ಲ? ಉತ್ತರ ಬರೆಯಲು ಮಿಶ್ರಾ ಸಾಹೇಬರೇ ಬಂದು ಖುದ್ದಾಗಿ ಕೊಸರಿನ ಕೆಲಸವನ್ನು ನೋಡುವರು.

ಓದಿ ಹೇಳಿದಾಗ ರುದ್ರಪ್ಪನವರಿಗೆ ಮೊದಲ ಸಲ ಬೀಡಿ ಆರಿತು. ‘ಅಂದ್ರೆ ಅವತ್ತು ಆವಪ್ಪಂಗೆ ತಿಳೀಲೇ ಇಲ್ವಾ?’

‘ಇಲ್ಲ.’

‘ಅಯ್ಯೋ ಶಿವನೇ! ಹಂಗಾರೆ ನಾನು ಸರ್ಕಾರುಕ್ಕೇ ಸುಳ್ ಲೆಕ್ಕ ಕೊಟ್ಟಂಗಾಯ್ತಲ್ಲಮ್ಮ!’

ಸಂಜೆ ನೋಡಿದರೆ ಕಾಳಮ್ಮ ತನ್ನ ಮನೆಯ ಒಲೆಗೆ ಸಗಣಿ ಸಾರಿಸಿ, ಪಾತ್ರೆಗಳನ್ನೆಲ್ಲ ತೊಳೆದು ಬೋರಲು ಹಾಕಿದ್ದಳು. ಹೊರಡುವವರು ಹಾಗೆ ಮಾಡುತ್ತಾರೆ.

ಮಿಶ್ರಾ ಬಂದದ್ದು ಉತ್ತರೆ ಮಳೆಯ ಹೊತ್ತಿಗೆ, ಬಿಸಿಲು ಮೋಡ ಆಟವಾಡುತ್ತಿದ್ದ ಬೆಳಿಗ್ಗೆ. ಕೈಯಲ್ಲಿ ಕಡಲೆಕಾಯಿಯ ದೊಡ್ಡ ಪೊಟ್ಟಣ. ಮುಖ ಗಂಟಿಕ್ಕಿತ್ತು. ಬೆಂಚಿನ ಮೇಲೆ ಕೂತು, ‘ಕೊಸರನ್ನು ಕರೆಯಿರಿ,’ ಎಂದರು.

ಕಾಳಮ್ಮ ಕೆಸರು ಕೈಯಲ್ಲೇ ಬಂದು ನಿಂತಳು. ‘ನಾನೇ ಸ್ವಾಮಿ.’

‘ತಮ್ಮ ಕರ್ತವ್ಯವೇನು?’

‘ಇವ್ರೆಲ್ಲ ಮಾಡಿ ಮಿಕ್ಕಿದ್ದು.’

‘ಮಿಕ್ಕಿದ್ದು ಎಂದರೆ?’

ಅವಳು ಬಾಯಿ ತೆರೆಯುವಷ್ಟರಲ್ಲಿ ಬೇಲಿಯ ಸಂದಿಯಿಂದ ಪಕ್ಕದ ತೋಟದ ಕರು ಬಾಲ ಎತ್ತಿಕೊಂಡು ಮಡಿಗೆ ನುಗ್ಗಿತು. ನೀರಿನವನು ಬೇಲಿಯವನನ್ನು ನೋಡಿದ, ಬೇಲಿಯವನು ಗೊಬ್ಬರದವನನ್ನು ನೋಡಿದ. ಮಿಶ್ರಾ ಅವರೆಲ್ಲರನ್ನೂ ನೋಡಿದರು. ಕಾಳಮ್ಮ ಆಗಲೇ ಅಲ್ಲಿರಲಿಲ್ಲ. ಸೀರೆ ಎತ್ತಿಕಟ್ಟಿ ಎರಡು ಮಡಿ ಹಾರಿ, ಕರುವನ್ನು ಬಯ್ಯುತ್ತ, ಅದರ ಒಡೆಯನನ್ನೂ ಬಯ್ಯುತ್ತ ಅಟ್ಟಿ, ಬರುವಾಗ ಬಿದ್ದಿದ್ದ ಎರಡು ಸಸಿಯನ್ನು ನೆಟ್ಟಗೆ ನಿಲ್ಲಿಸಿ, ಏದುಸಿರು ಬಿಡುತ್ತ ವಾಪಸು ಬಂದಳು. ‘ಏನೋ ಕೇಳುದ್ರಲ್ಲ ಸ್ವಾಮಿ, ಮರೆತ್ಬುಟ್ಟೆ.’

ಮಿಶ್ರಾ ಮುಖ ಸಡಿಲಿಸಲಿಲ್ಲ. ರುದ್ರಪ್ಪನವರಿಗೆ ತಡೆಯಲಾಗಲಿಲ್ಲ. ಕೈಮುಗಿದು ಮುಂದೆ ಬಂದರು. ‘ನಂದೇ ತಪ್ಪು ಸ್ವಾಮಿ. ಕಾಯಿ ಲೆಕ್ಕ ಹೇಳ್ಬುಟ್ಟೆ. ಕೊಸ್ರು ಅಂದ್ರೆ...’

‘ತಿಳಿದಿದೆ,’ ಎಂದರು ಮಿಶ್ರಾ. ‘ಈಗ ನಿಜವಾಗಿ ತಿಳಿದಿದೆ. ಕಿಬ್ಬನಹಳ್ಳಿಯಲ್ಲಿ ಜೀಪನ್ನು ನಿಲ್ಲಿಸಿ ಕಡಲೆಕಾಯಿಯನ್ನು ಕೊಂಡೆನು. ಆ ತಾಯಿ ಅಳೆದು ಕೊಟ್ಟಳು. ಅನಂತರ ಇನ್ನೊಂದು ಹಿಡಿ ಹಾಕಿದಳು. ಇದೇನು ಎಂದೆನು. ಕೊಸರು ಎಂದಳು.’ ಅವರು ಕನ್ನಡಕ ತೆಗೆದು ಒರೆಸಿಕೊಂಡರು. ‘ನಾನು ಕೇಳಿದೆನು, ಇದರ ಕರ್ತವ್ಯವೇನು?’

ನನಗೆ ನಗು ಒತ್ತರಿಸಿಕೊಂಡು ಬಂತು. ಸೆರಗು ಬಾಯಿಗೆ ತುರುಕಿಕೊಂಡೆ.

‘ಲೆಕ್ಕದ ಮೇಲಿನದಾದರೆ ನನಗೆ ಬೇಡವೆಂದು ಹಿಂದಿರುಗಿಸಲು ಹೋದೆನು. ಆಕೆ ನನ್ನನ್ನು ಬಹಳವಾಗಿ ಬೈದಳು.’

‘ಏನಂತ ಬೈದ್ಲು ಸ್ವಾಮಿ?’ ಕಾಳಮ್ಮನಿಗೆ ತನ್ನ ಕಷ್ಟವೂ ಮರೆತುಹೋಗಿತ್ತು.

ಮಿಶ್ರಾ ನೆನಪು ಮಾಡಿಕೊಂಡು, ಆ ಹೆಂಗಸಿನ ದನಿಯಲ್ಲೇ ಹೇಳಿದರು. ‘ಕೊಟ್ಟ ಕೊಸ್ರ ವಾಪಸ್ ಕೊಡ್ತೀಯೇನಪ್ಪಾ? ನಿಂಗೆ ಮಾನ ಐತಾ?’

ಪುಸ್ತಕದ ಕನ್ನಡದ ನಡುವೆ ಕಿಬ್ಬನಹಳ್ಳಿಯ ಬೈಗುಳ ಅಷ್ಟು ಸ್ವಚ್ಛವಾಗಿ ಬಂದದ್ದಕ್ಕೆ ಶೆಡ್ಡಿಗೆ ಶೆಡ್ಡೇ ನಕ್ಕಿತು. ಹೇಳಿದವರೂ ನಕ್ಕರು. ಆಮೇಲೆ ಟೈಪ್‌ರೈಟರ್ ತರಿಸಿ ಬೆಂಚಿನ ಮೇಲೇ ಇಡಿಸಿದರು. ಒಂದು ಮಾತೂ ಮುಚ್ಚಿಡದೆ ಬರೆಸಿದರು. ಕೊಸರು ಎಂಬುದು ಹುದ್ದೆಯ ಹೆಸರಲ್ಲ, ಈ ಸೀಮೆಯ ವಾಡಿಕೆ. ತಾನು ತಿಳಿಯದೆ ಹಾಗೆ ವರದಿ ಮಾಡಿದ್ದು ನಿಜ. ಆದರೆ ಸ್ಥಳದಲ್ಲಿ ನೋಡಲಾಗಿ ಈ ಕೆಲಸ ಅಗತ್ಯವಾಗಿದೆ. ಕರ್ತವ್ಯ: ಉಳಿದವರು ಬಿಟ್ಟಿದ್ದನ್ನು ಮಾಡುವುದು. ವಿದ್ಯಾರ್ಹತೆ: ಕರೆಯದೆಯೇ ಬರುವುದು. ಒಮ್ಮೆ ಪಡೆದ ಕೊಸರನ್ನು ಹಿಂದಿರುಗಿಸುವುದು ಇಲ್ಲಿ ಮಾನಹಾನಿಯೆಂದು ತಿಳಿದುಬಂದಿರುವುದರಿಂದ ಸರ್ಕಾರವು ಇದನ್ನು ಉಳಿಸಿಕೊಳ್ಳಬಹುದು.

‘ಸಾರ್, ಇದನ್ನು ಹೀಗೇ ಕಳಿಸೋದಾ?’ ಎಂದೆ.

‘ಹೀಗೆಯೇ. ಮೇಲಿನವರ ಊರಿನಲ್ಲಿಯೂ ಸಂತೆ ಇದ್ದಿರಬೇಕಲ್ಲವೆ?’ ಎಂದು ಎದ್ದರು. ಹೋಗುವಾಗ ಪೊಟ್ಟಣದ ಕಡಲೆಕಾಯಿಯನ್ನು ಎಲ್ಲರಿಗೂ ಹಂಚಿ, ಕಾಳಮ್ಮನಿಗೆ ಇನ್ನೊಂದು ಹಿಡಿ ಹಾಕಿದರು.

ಅಲ್ಲಿಂದ ಕಾಯುವುದೇ ಕೆಲಸವಾಯಿತು. ಹಸ್ತ ಮಳೆ ಚೆನ್ನಾಗಿ ಹೊಡೆಯಿತು. ಕೆರೆಗೆ ನೀರು ಬಂತು, ಹುಚ್ಚೆಳ್ಳಿನ ಹೊಲಗಳು ಹಳದಿಯಾದವು. ಅಂಚೆಯವನ ಸೈಕಲ್ ಬೆಲ್ಲು ಕೇಳಿದರೆ ಹದಿಮೂರು ಜನವೂ ಸೊಂಟ ನೆಟ್ಟಗೆ ಮಾಡುತ್ತಿದ್ದರು. ಕಾಳಮ್ಮನ ಪಾತ್ರೆಗಳಲ್ಲಿ ಒಂದು ಗಡಿಗೆ, ಒಂದು ತಟ್ಟೆ ಮಾತ್ರ ಮೇಲ್ಮುಖವಾಗಿದ್ದವು, ಉಳಿದವು ಇನ್ನೂ ಬೋರಲು. ದಿನಾ ಹೋಗಿ ನೋಡುತ್ತಿದ್ದೆ.

ದೀಪಾವಳಿಯ ಬೆನ್ನಿಗೇ ಆಜ್ಞೆ ಬಂತು. ಮೇಲಿನವರ ಊರಿನಲ್ಲೂ ಸಂತೆ ಇದ್ದಿರಲೇಬೇಕು. ‘ಕೊಸರು, ಖಾಯಂ ಹುದ್ದೆ, ಒಂದು, ಮಂಜೂರು.’ ಆ ಹೆಸರನ್ನು ಬದಲಿಸಲು ಕೂಡ ಯಾರೂ ಹೋಗಿರಲಿಲ್ಲ. ಇಡೀ ಇಲಾಖೆ ಮೈ ಇಳಿಸುತ್ತಿದ್ದ ವರ್ಷ ನಮ್ಮ ಫಾರಮ್ಮು ಮಾತ್ರ ಒಂದು ಹುದ್ದೆಯಷ್ಟು ದಪ್ಪವಾಯಿತು.

ಕಾಳಮ್ಮನಿಗೆ ಓದಿ ಹೇಳಿದೆ. ಅವಳು ಎರಡು ಸಲ ಓದಿಸಿದಳು. ‘ಹಂಗಾರೆ ನಾನು ಹೆಚ್ಗೆ ಅಲ್ವಾ ಟೈಪಮ್ಮ?’

‘ಅಲ್ಲ ಕಣೇ. ನೀನು ಸರ್ಕಾರ.’

ಅವಳು ಸೆರಗಲ್ಲಿ ಮುಖ ಮುಚ್ಚಿಕೊಂಡು ಅತ್ತಳು, ನಕ್ಕಳು, ಆಮೇಲೆ ಪಂಪಿನ ಬಾಯಿಗೆ ಎಲೆ ಸಿಕ್ಕಿದೆಯೆಂದು ಎದ್ದುಹೋದಳು. ರುದ್ರಪ್ಪನವರು ಕೊಬ್ಬರಿ ಬೆಲ್ಲ ಹಂಚಿದರು. ಎಲ್ಲರಿಗೂ ಒಂದೊಂದು ಚೂರು, ಮೇಲೆ ಕೊಸರು.

ಮುಂದಿನ ವರ್ಷ ನನಗೆ ತುಮಕೂರಿಗೆ ವರ್ಗವಾಯಿತು. ಆಮೇಲೆ ಎಷ್ಟೋ ಆಫೀಸುಗಳಲ್ಲಿ ಕೂತೆ, ಎಷ್ಟೋ ‘ಹೆಚ್ಚುವರಿ’ ಆಜ್ಞೆಗಳನ್ನು ಟೈಪು ಮಾಡಿದೆ. ಯಾವುದರಲ್ಲೂ ಅಂಥ ಮಳೆಗಾಲ ಮತ್ತೆ ಬರಲಿಲ್ಲ.

ಅದೆಲ್ಲ ಆ ಹುಡುಗಿಯ ‘ಲಾಭ’ದಿಂದ ‘ಹತ್ತ’ರವರೆಗಿನ ಎಣಿಕೆಯಲ್ಲಿ ಬಂದು ಹೋಯಿತು. ಅವಳು ಹನ್ನೊಂದನೆಯ ಸಸಿಯನ್ನು ಎತ್ತಿ ರಾಶಿಯ ಮೇಲಿಟ್ಟಳು. ಸುತ್ತ ನೋಡಿದೆ. ಶೆಡ್ಡಿನ ಹೆಂಚು ಅರ್ಧ ಹೋಗಿತ್ತು. ಮಡಿಗಳು ಮಾತ್ರ ಅಚ್ಚುಕಟ್ಟಾಗಿದ್ದವು. ಬೇರೆ ಒಂದು ನರಪಿಳ್ಳೆಯೂ ಇಲ್ಲ.

‘ಒಬ್ಬಳೇನಾ ಇರೋದು?’

‘ಹೂಂ ಮೇಡಂ. ಮಜೂರ್ರು ಪೋಸ್ಟು ರಿಟೈರಾದಂಗೆಲ್ಲ ತೆಗುದ್ಬುಟ್ರು. ನಂಗೆ ಇಲಾಖೇಲಿದ್ದ ನಮ್ಮಪ್ಪ ತೀರ್ಕಂಡ್ಮೇಲೆ ಅನುಕಂಪದ್ ಕೆಲ್ಸ ಸಿಕ್ತು. ಖಾಲಿ ಇದ್ದಿದ್ದು ಇದೊಂದೇ ಪೋಸ್ಟಂತೆ.’ ನಾಚಿಕೊಂಡು ಸೇರಿಸಿದಳು, ‘ಆರ್ಡರಲ್ಲಿ ಏನೋ ಕೊಸರು ಅಂತೈತೆ. ಏನಂತ ಗೊತ್ತಾಗ್ದೆ ತೆಗೀದೆ ಬುಟ್ಟವ್ರೆ ಅಂತಾರೆ.’

‘ಏನು ಕೆಲಸ ನಿನಗೆ?’

‘ಎಲ್ಲಾನೂ ಮೇಡಂ.’

ಹನ್ನೊಂದನೆಯ ಸಸಿಯನ್ನು ತಂಗಿಗೆ ಕೊಡಲಿಲ್ಲ. ಹೊನ್ನವಳ್ಳಿಯಲ್ಲಿ ಆಟೋ ನಿಲ್ಲಿಸಿ, ಪಿಂಚಣಿಯ ದುಡ್ಡಲ್ಲಿ ಕಾಳಮ್ಮ ಕಟ್ಟಿದ ಎರಡಂಕಣದ ಮನೆಯ ಮುಂದೆ ಇಳಿದೆ. ಅವಳು ಜಗಲಿಯಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಿದ್ದಳು. ಹಲ್ಲು ಹೋಗಿವೆ, ದನಿ ಹೋಗಿಲ್ಲ. ‘ಟೈಪಮ್ಮಾ!’ ಎಂದದ್ದು ಬೀದಿಯ ಆ ತುದಿಗೂ ಕೇಳಿತು. ಸಸಿ ಕೊಟ್ಟು, ಫಾರಮ್ಮಿನ ಸುದ್ದಿ ಹೇಳಿದೆ. ಹನ್ನೆರಡು ಹುದ್ದೆಯೂ ಹೋಗಿ ಅವಳ ಕೊಸರು ಒಂದೇ ಉಳಿದಿದೆ, ಅದರಲ್ಲಿ ಈಗ ಒಬ್ಬ ಹುಡುಗಿ ಇದ್ದಾಳೆ ಎಂದಾಗ ತೊಡೆ ತಟ್ಟಿಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು.

ಆಮೇಲೆ ನಗು ನಿಂತಿತು. ಕೈಯಲ್ಲಿದ್ದ ಕಡಲೆಕಾಯಿ ಸುಲಿಯದೆ ಹಾಗೇ ಹಿಡಿದು ಕೇಳಿದಳು.

‘ಅಲ್ಲ ಕಣ್ ಟೈಪಮ್ಮ, ನಾನಾರೆ ಅವ್ರು ಬಿಟ್ಟಿದ್ದ ಮಾಡ್ತಿದ್ದೆ. ಆ ಹೆಣ್ಮಗ ಬಿಟ್ಟಿದ್ದ ಮಾಡಾಕೆ ಯಾರವ್ರೆ?’